ಲೈಲ್ ತುಂಬಿಕೊಟ್ಟ ತೋಟಾ

ಈಡು ಹಾರಿತು; ಎಲ್ಕ್ ಬೀಳಲಿಲ್ಲ. ಮುರಿದ ಮುಂಗಾಲನ್ನು ಜೋತಾಡಿಸುತ್ತ, ಕಡವೆಯಂಥ ಆ ದೊಡ್ಡ ಕೊಂಬಿನ ಮಿಕ ಪೈನ್ ಮರಗಳ ನಡುವೆ ಮರೆಯಾಯಿತು.

ಆರ್ಡಿಸ್ ಬಂದೂಕು ಕೆಳಗಿಳಿಸಿದಳು. ಎಪ್ಪತ್ತು ದಾಟಿದ ಹೆಂಗಸು. ಮೊಂಟಾನಾದ ಆ ಕಣಿವೆಯಲ್ಲಿ ಅವಳು ಒಂದು ಮಿಕಕ್ಕೆ ಎರಡನೇ ಈಡು ಹೊಡೆದದ್ದನ್ನು ಕಂಡವರಿರಲಿಲ್ಲ.

"ನನ್ನ ಕೈ ಕೆಟ್ಟಿತು ಕಣೋ ಲೈಲ್," ಎಂದಳು. "ಸಾಕು, ಇದೇ ಕೊನೆ. ಈ ಬಂದೂಕು ಇನ್ನು ನೀನೇ ಇಟ್ಕೊ."

ಲೈಲ್ ಅವಳ ಮೈದುನ; ಮಿಕ ಹೊರಲು ನೆರವಾಗಲೆಂದು ಬಂದಿದ್ದ. ಅವಳ ತೋಟಾ ತುಂಬಿಕೊಟ್ಟವನೂ ಅವನೇ. ಹಾರಿಸಿದ ತೋಟಾದ ಖಾಲಿ ಚಿಪ್ಪಿಗೆ ಮತ್ತೆ ಮದ್ದು, ಗುಂಡು ಕೂರಿಸುವುದರಲ್ಲಿ ಊರಿಗೇ ಎತ್ತಿದ ಕೈ. ಆದರೆ ಈ ಸಲ ಹೊಸ ಗುಂಡು ಅವನೊಬ್ಬನಿಗಷ್ಟೇ ಸಾಲುವಂತಿತ್ತು. ಶೆಡ್ಡಿನಲ್ಲಿ ತೇವ ಹಿಡಿದು ಕೆಟ್ಟ ಹಳೇ ತೋಟಾಗಳಿದ್ದವು. ಅವುಗಳ ಗುಂಡನ್ನು ಇಕ್ಕಳದಿಂದ ಎಳೆದು ಕಿತ್ತಾಗ ತಾಮ್ರದ ಮೈಮೇಲೆ ಹಲ್ಲಿನ ಗುರುತು ಬಿತ್ತು. ಕೆಲವು ಒಂದು ಮಗ್ಗುಲಿಗೆ ಚಪ್ಪಟೆಯೂ ಆದವು. ಅಂಥ ಗುಂಡು ನೆಟ್ಟಗೆ ಹಾರುವುದಿಲ್ಲವೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅರದಿಂದ ತೀಡಿ ಗುರುತು ಅಳಿಸಿದ, ತೋಟಾ ತುಂಬಿ ಅತ್ತಿಗೆಗೆ ಕೊಟ್ಟ. 'ಅವಳು ಹತ್ತಿರದಿಂದ ತಾನೇ ಹೊಡೆಯೋದು' ಎಂದು ಸಮಾಧಾನ ಮಾಡಿಕೊಂಡಿದ್ದ.

ಈಗ ಹೇಳಿಬಿಡಬೇಕೆಂದು ಬಾಯಿ ತೆರೆದ. "ಗಾಳಿ ಇತ್ತು, ಆರ್ಡಿಸ್," ಎಂಬ ಮಾತು ಬಂತು.

"ಹುಲ್ಲಿನ ಎಸಳೂ ಅಲ್ಲಾಡ್ಲಿಲ್ಲ. ನನ್ನನ್ನೇನು ಪುಸಲಾಯಿಸ್ತೀಯ? ನಡಿ, ಅದನ್ನ ಹಂಗೆ ನರಳೋಕೆ ಬಿಡಬಾರದು."

ಹಿಮದ ಮೇಲಿನ ನೆತ್ತರಿನ ಜಾಡು ಹಿಡಿದು ಹತ್ತಿದರು. ಅವಳಿಗೆ ಏದುಸಿರು; ಆದರೂ ಕೂರಲೊಲ್ಲಳು. ಒಮ್ಮೆ ಜಾರಿ ಮೊಣಕಾಲೂರಿದಳು. ಕೈಹಿಡಿದು ಎಬ್ಬಿಸಿದ ಲೈಲ್‌ಗೆ ಅವಳ ಮುಖ ನೋಡಲಾಗಲಿಲ್ಲ.

ಮಿಕ ಒಂದು ಉರುಳಿದ ಮರದ ಪಕ್ಕ ಮಲಗಿತ್ತು. ಏಳಲಾರದೆ, ತಲೆ ಎತ್ತಿ ಇವರನ್ನೇ ನೋಡಿತು.

ಆರ್ಡಿಸ್ ಇನ್ನೊಂದು ತೋಟಾ ಏರಿಸಿ ಬಂದೂಕು ಚಾಚಿದಳು. "ನೀನೇ ಮುಗಿಸು. ಇನ್ನೊಂದ್ಸಲ ಅದಕ್ಕೆ ನೋವು ಕೊಡೋಕೆ ನನ್ನಿಂದಾಗಲ್ಲ."

ಲೈಲ್ ಬಂದೂಕು ತೆಗೆದುಕೊಂಡ. ಯೋಚಿಸುವ ಮೊದಲೇ ಕೈಗಳು ಕೆಲಸ ಮಾಡಿದ್ದವು: ಬೋಲ್ಟಿನ ಹಿಡಿ ಹಿಂದಕ್ಕೆಳೆದು ಒಳಗಿದ್ದ ತೋಟಾವನ್ನು ಹಿಮಕ್ಕೆ ಬೀಳಿಸಿ, ತನ್ನ ಬೇಟೆಕೋಟಿನ ಜೇಬಿನಲ್ಲಿ ಉಳಿದಿದ್ದ ಹೊಸ ಗುಂಡಿನದೊಂದನ್ನು ತೆಗೆದು ತುಂಬಿದವು. ಮನೆಯಲ್ಲೇ ಬಿಟ್ಟು ಬಂದಿದ್ದ ಅವನ ಬಂದೂಕಿಗೂ ಇದಕ್ಕೂ ತೋಟಾದ ಅಳತೆ ಒಂದೇ. ಗುರಿಯಿಟ್ಟ. ಒಂದೇ ಈಡಿಗೆ ಮಿಕದ ತಲೆ ನೆಲಕ್ಕೊರಗಿತು.

ತಿರುಗಿದರೆ, ಆರ್ಡಿಸ್ ಹಿಮದಲ್ಲಿ ಬಿದ್ದ ತೋಟಾವನ್ನೇ ನೋಡುತ್ತಿದ್ದಳು.

"ಅದನ್ನ ಯಾಕೆ ತೆಗೆದೆ?"

ಅವನು ಹೇಳಿದ. ಇಕ್ಕಳ, ಅರ, ಹೊಸ ಗುಂಡು ಯಾರ ಪಾಲಿಗೆ ಹೋಯಿತೆಂಬುದು, ಎಲ್ಲವನ್ನೂ. ಅವಳು ಬೈದುಬಿಟ್ಟರೆ ಸಾಕೆನಿಸಿತು.

ಅವಳು ಬೈಯಲಿಲ್ಲ. ಬಂದೂಕನ್ನು ಅವನ ಕೈಯಿಂದ ಬಿಡಿಸಿಕೊಂಡು ಹೆಗಲಿಗೇರಿಸಿದಳು.

"ದಾರಿಯುದ್ದಕ್ಕೂ ನಾನು ಮನಸ್ಸಲ್ಲೇ ಅದರ ಕ್ಷಮೆ ಕೇಳ್ಕೊಂಡು ಬಂದೆ," ಎಂದಳು. "ಈಗ ನೀ ಹೋಗಿ ಕೇಳು. ಅದರ ಮೈ ಇನ್ನೂ ಬೆಚ್ಚಗಿದೆ."