ಅಳಿಯನಿಗೆ ಬಿದ್ದ ಏಟು

"ಅಯ್ಯೋ!" ಎಂದು ಜಯಕುಮಾರ್ ಕೂಗಿದ್ದೇ ತಡ, ಏಕಾಂತಮ್ಮ ಕೈಲಿದ್ದ ಮುದ್ದೆ ಕೋಲಿನಿಂದ ಅಳಿಯನ ಮುಂಗೈಗೆ ಬಲವಾಗಿ ಬಾರಿಸಿದಳು. "ಬಿಡಲೇ, ಬಿಡೋ ಆ ವೈರ್‌ನ!" ಸ್ಕ್ರೂಡ್ರೈವರ್ ಹಾರಿ ಸಾರಿನ ಪಾತ್ರೆಗೆ ಬಿತ್ತು.

ಹೊಳಲ್ಕೆರೆಯಿಂದ ಹಬ್ಬಕ್ಕೆ ಬಂದ ಹೊಸ ಅಳಿಯ, ಅಡುಗೆಮನೆಯ ಸ್ವಿಚ್ ಕೆಟ್ಟಿದ್ದು ಕಂಡು ತಾನೇ ರಿಪೇರಿ ಮಾಡ್ತೀನೆಂದು ಸ್ಟೂಲ್ ಹತ್ತಿದ್ದ. "ಮೇನ್ ಆಫ್ ಮಾಡೀನಿ, ಹೆದರಬ್ಯಾಡ್ರಿ ಅತ್ತೆ" ಎಂದಿದ್ದರೂ ಆಕೆಗೆ ನಂಬಿಕೆ ಬಂದಿರಲಿಲ್ಲ. ಕರೆಂಟ್ ಹಿಡಿದವರನ್ನು ಒಣ ಕಟ್ಟಿಗೆಯಿಂದ ಹೊಡೆದೇ ಬಿಡಿಸಬೇಕೆಂದು ಕೇಳಿದ್ದಳು. ಮಗಳ ಮದುವೆಯಾದಾಗಿನಿಂದ ಅಳಿಯನೆದುರು ಬಾಗಿಲ ಮರೆಯಲ್ಲೇ ನಿಂತು "ಊಟಕ್ಕೆ ಏಳ್ರಿ" ಅನ್ನುತ್ತಿದ್ದವಳು ಇವತ್ತು ಕೋಲು ಹಿಡಿದು ಸ್ಟೂಲಿನ ಪಕ್ಕಕ್ಕೇ ಬಂದಿದ್ದಳು.

"ಕರೆಂಟಲ್ಲ ಅತ್ತೆ, ಜಿರಳೆ! ಬೋರ್ಡಿನೊಳಗಿಂದ ಮೈಮೇಲೆ ಹಾರ್ತು" ಎಂದ ಜಯಕುಮಾರ್, ಕೈ ಉಜ್ಜಿಕೊಳ್ಳುತ್ತ.

ಏಕಾಂತಮ್ಮನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅಳಿಯನಿಗೆ ಹೊಡೆದದ್ದು ಸಾಲದೆಂದು ಲೇ ಅಂತಲೂ ಅಂದಿದ್ದಳು! ಕೋಲನ್ನು ಮೂಲೆಗೆಸೆದು, ಸೆರಗು ಬಾಯಿಗೊತ್ತಿಕೊಂಡು ಹಿತ್ತಿಲಿಗೆ ಓಡಲು ತಿರುಗಿದಳು.

"ಅತ್ತೆ, ಹೋಗಬ್ಯಾಡ್ರಿ!" ಜಯಕುಮಾರ್ ಸ್ಟೂಲಿನ ಮೇಲೆ ಕುಣಿಯತೊಡಗಿದ. "ಅದು ಅಂಗಿಯೊಳಗೆ ಹೋಗೈತೆ!"

ಆಕೆ ಒಂದು ಕ್ಷಣ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ವಾಪಸ್ ಬಂದಳು.

"ಕುಣೀಬ್ಯಾಡಪ್ಪ, ತಿರುಗು ಈ ಕಡೆ" ಎನ್ನುತ್ತ ಅಂಗೈಯಿಂದ ಅವನ ಬೆನ್ನಿಗೆ ದಬದಬ ಬಡಿಯತೊಡಗಿದಳು.