ಬೆನ್ನಿಗೆ ಅಂಟಿದ ಹೆಸರು

ಎದುರು ಮನೆಯವರು ಗೇಟಿಗೆ ಪೇಂಟ್ ಬಳಿಸುತ್ತಿದ್ದಾರೆ. ಆ ವಾಸನೆಗೇ ನನಗೆ ಮತ್ತೆ ಸಿಟ್ಟು ನೆತ್ತಿಗೇರಿದೆ.

ನನ್ನ ಬಾಲ್ಯದ ಮಾತು. ಅವತ್ತು ಮಧ್ಯಾಹ್ನ ಶಹಾಪುರದ ಶಾಲೆಯ ಬಯಲಲ್ಲಿ ನಡೆಯಲಾಗದವರಿಗೆ ಮೂರು ಗಾಲಿಯ ಸೈಕಲ್ ಹಂಚುತ್ತಿದ್ದರು. ಪೋಲಿಯೋ ಬಂದು ಅವ್ವನ ಎರಡೂ ಕಾಲು ಸೊರಗಿದ್ದವು. ಮದುವೆಯ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಸೈಕಲ್ಲು ಅವಳ ಪಕ್ಕದಲ್ಲೇ ನಿಂತಿತ್ತು. ಆದರೆ ಯಾದಗಿರಿಯಿಂದ ಬಂದ ಸಾಹುಕಾರರು ಅದನ್ನು ವೇದಿಕೆಯ ಮೇಲೇ ಕೊಡಬೇಕಂತೆ! ನಾಲ್ಕು ಮಂದಿ ಸೈಕಲ್ಲನ್ನು ಜೋಪಾನವಾಗಿ ಎತ್ತಿ ಮೇಲಿಟ್ಟರು. ಅವ್ವ ಕಾದ ಕಲ್ಲಿನ ಮೆಟ್ಟಿಲ ಮೇಲೆ ಅಂಗೈ ಊರಿ ತೆವಳುತ್ತ ಹತ್ತಿದಳು.

"ಕೈ ಮುಗಿ ಯವ್ವಾ, ಫೋಟೊ ತೆಗ್ಯಾಕತ್ತಾರ. ಸ್ವಲ್ಪ ನಗು," ಅಂದ ಮೈಕ್ ಹಿಡಿದವ.

ಅವ್ವ ಕೈ ಮುಗಿದಳು. ನಗಲಿಲ್ಲ.

ಸೀಟಿನ ಬೆನ್ನೊರಗಿನ ಹಿಂದೂ ಮುಂದೂ ಸಾಹುಕಾರರ ಹೆಸರನ್ನು ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದರು. ಅದು ಒಣಗುವ ತನಕ ಕಾಯುವಷ್ಟು ಪುರಸೊತ್ತೂ ಅವರಿಗಿರಲಿಲ್ಲ. ಒರಗಿ ಕೂತ ಅವ್ವನ ಬೆನ್ನಿಗೆ, ಆ ಸೀರೆಗೆ, ಹೆಸರು ಹಾಗೇ ಅಂಟಿಕೊಂಡಿತು.

ಮನೆಗೆ ಬಂದ ಮೇಲೆ ಅಪ್ಪ ಚಿಮಣಿಯ ಸೀಮೆಎಣ್ಣೆ ಹಚ್ಚಿ ಎಷ್ಟು ತಿಕ್ಕಿದರೂ ಬಣ್ಣ ಹೋಗಲಿಲ್ಲ.

"ಹೋಗ್ಲಿ ಬಿಡು, ಗಾಡಿ ಪುಕ್ಕಟ ಬಂತಲ್ಲ," ಅಂದ.

ಅವ್ವ ಬೊಬ್ಬೆ ಎದ್ದ ಅಂಗೈಗಳನ್ನು ಅವನ ಮುಂದೆ ಹಿಡಿದಳು. "ಪುಕ್ಕಟ ಅಂತೀರಿ? ಗಾಡಿನ ನಾಕು ಮಂದಿ ಎತ್ತಿದ್ರು. ನನ್ನ ಯಾರು ಎತ್ತಿದ್ರು?"

ಅವ್ವ ಹೆಸರು ಅಂಟಿದ್ದಷ್ಟು ಸೀರೆಯನ್ನು ಪರ್ರನೆ ಹರಿದಳು. ಆ ಗಾಡಿ ಇರುವ ತನಕ ಅದರ ಗಾಲಿಯ ಕೆಸರನ್ನು ಅದೇ ಅರಿವೆಯಿಂದ ಒರೆಸಿದಳು.