ರೈಲು ತಪ್ಪುತ್ತಿರಲಿಲ್ಲ

ಕಾಚಿಗೂಡ ಸ್ಟೇಷನ್ನಿನಲ್ಲಿ ಆ ಫ್ರೆಂಚ್ ಹೆಂಗಸು ಅತ್ತದ್ದು ವ್ಯಾಕರಣದ ತಪ್ಪಿನಿಂದಂತೂ ಅಲ್ಲ. ಈ ಮಾತನ್ನು ಗುರುರಾಜ ಇವತ್ತಿಗೂ ಯಾರೆದುರು ಬೇಕಾದರೂ ಎದೆ ತಟ್ಟಿ ಹೇಳುತ್ತಾನೆ.

ತೊಂಬತ್ತೆಂಟರ ಮಾರ್ಚ್ ತಿಂಗಳ ಒಂದು ಸಂಜೆ. ಅತ್ತೆ ಗೋದಾಬಾಯಿಯನ್ನು ಬೆಂಗಳೂರು ಗಾಡಿಗೆ ಹತ್ತಿಸಲು ಹೆಂಡತಿ ಸುಹಾಸಿನಿಯ ಜೊತೆ ಬಂದಿದ್ದ. ಸುಹಾಸಿನಿ ತಾಯಿಯ ಗಂಟುಮೂಟೆ ಜೋಡಿಸಲು ಡಬ್ಬಿಯೊಳಗೆ ಹೋಗಿದ್ದಳು. ಇವನು ಬೆನ್ನ ಹಿಂದೆ ಕೈಕಟ್ಟಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ. ಆಗ "ಸರ್! ಸರ್!" ಎನ್ನುತ್ತ ಓಡಿಬಂದಳು ಮಂದಾಕಿನಿ. ದಿಲ್‌ಸುಖ್‌ನಗರದ ಜೂನಿಯರ್ ಕಾಲೇಜಿನಲ್ಲಿ ಅವನ ಶಿಷ್ಯೆ. ಪ್ರಿ-ಫೈನಲ್ ಪರೀಕ್ಷೆಯ ಫ್ರೆಂಚಿನಲ್ಲಿ ನೂರಕ್ಕೆ ತೊಂಬತ್ತೇಳು. ಅವಳ ಹಿಂದೆ ಭಾರದ ಚೀಲ ಹೊತ್ತು, ಕೆಂಪು ಕೆಂಪಾಗಿ, ಏದುಸಿರು ಬಿಡುತ್ತಿದ್ದ ಒಬ್ಬ ಬಿಳಿ ಹೆಂಗಸು.

"ಫ್ರೆಂಚ್‌ನವ್ರು ಸರ್! ಇಂಗ್ಲಿಷ್ ಬರಂಗಿಲ್ಲ, ಹಿಂದಿ ಬರಂಗಿಲ್ಲ. ದೂರದಿಂದ ನಿಮ್ಮನ್ನ ನೋಡಿ ಕೈ ಹಿಡದ ಕರಕೊಂಡ ಬಂದೆ. ಮಾತಾಡ್ರಿ ಸರ್!"

"ನೀನ ಮಾತಾಡಬೇಕಿತ್ತಲ್ಲ?"

"ನನಗ ಬರೇ ಮಾರ್ಕ್ಸ್ ಬಂದಾವ್ರಿ ಸರ್."

ಹನ್ನೆರಡು ವರ್ಷದಿಂದ ಫ್ರೆಂಚ್ ಕಲಿಸುತ್ತಿದ್ದ ಗುರುರಾಜ ಫ್ರೆಂಚರೊಬ್ಬರನ್ನು ಇಷ್ಟು ಹತ್ತಿರದಿಂದ ಕಂಡದ್ದು ಇದೇ ಮೊದಲು. ಅವನು ಆ ಭಾಷೆಯನ್ನು ಕಲಿತದ್ದು ಅಂಚೆಯ ಮೂಲಕ. ಇಂಜಿನಿಯರಾಗಲು ಹೊರಟ ಮಕ್ಕಳು ತೆಲುಗು ಬಿಟ್ಟು ಫ್ರೆಂಚ್ ತೆಗೆದುಕೊಳ್ಳುತ್ತಿದ್ದದ್ದೂ ಮಾತಾಡಲಿಕ್ಕಲ್ಲ, ಅಂಕಗಳಿಗೆ. ಅದರಲ್ಲೂ 'ಮಾಡಿರುತ್ತಿದ್ದೆ, ಹೋಗಿರುತ್ತಿದ್ದೆ, ಆಗಿರುತ್ತಿದ್ದೆ' ಎಂದು, ನಡೆಯದೇ ಹೋದ ಕೆಲಸಗಳನ್ನು ಹೇಳುವ ಕ್ರಿಯಾಪದಗಳ ಪಾಠ ಅವನ ಖಾಸಾ ಜಾಗೀರು. ಎಂಟು ಅಂಕ ಖಚಿತ. 'ಜೊರೆ, ತು ಒರೆ, ಇಲ್ ಒರೆ' ಎಂದು ಅವನು ಎತ್ತಿಕೊಟ್ಟರೆ ಎಂಬತ್ತು ಕಂಠಗಳು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದವು. ಕಾಲೇಜಿನ ಕೆಳಗಿನ ಇರಾನಿ ಹೋಟೆಲಿನ ಗಿರಾಕಿಗಳು ಮೇಲೆ ಯಾವುದೋ ಹೋಮ ನಡೆದಿದೆ ಎಂದುಕೊಂಡು ಚಹ ಹೀರುತ್ತಿದ್ದರು.

ಹೆಂಗಸು ಒಂದೇ ಉಸಿರಿಗೆ ಏನೋ ಹೇಳಿದಳು. ಆಚೆಯ ಪ್ಲಾಟ್‌ಫಾರ್ಮಿನಿಂದ ಹೊರಟುಹೋಗುತ್ತಿದ್ದ ಬೇರೊಂದು ಗಾಡಿಯತ್ತ ಕೈ ತೋರಿಸಿ ಗಾಬರಿಯಿಂದ ಮತ್ತೆ ಕೇಳಿದಳು. ಗುರುರಾಜನಿಗೆ ತಿಳಿದದ್ದು 'ರೈಲು' ಎಂಬ ಒಂದೇ ಪದ. 'ಬಾಂಗಲೋಗ್' ಎಂಬಂಥ ಇನ್ನೊಂದು ಪದವೂ ಮೂರು ಸಲ ಬಂತು, ಅದು ಅವನು ಪಾಠ ಮಾಡುವ ಪರೀಕ್ಷೆಯ ಗೈಡಿನಲ್ಲಿರಲಿಲ್ಲ. ಮಂದಾಕಿನಿ ಕಣ್ಣರಳಿಸಿ ನಿಂತಿದ್ದಳು. ಸುತ್ತ ಇಬ್ಬರು ಹಮಾಲರು, ಒಬ್ಬ ಚಹದವನು ಸೇರಿದ್ದರು. ಗುರುರಾಜ, 'ರೈಲು' ಎಂಬ ಪದವಿರುವ ಯಾವುದಾದರೂ ವಾಕ್ಯ ಸಿಕ್ಕೀತೇ ಎಂದು ಒಳಗೊಳಗೇ ತಡಕಾಡಿದ. ಸಿಕ್ಕಿತು! ಗೈಡಿನ ನಲವತ್ತೊಂದನೆಯ ಪುಟ, ಎರಡನೆಯ ಉದಾಹರಣೆ. ಗಂಟಲು ಸರಿಪಡಿಸಿಕೊಂಡು, ಒಂದು ಸ್ವರವೂ ಜಾರದಂತೆ ಫ್ರೆಂಚಿನಲ್ಲಿ ಹೇಳಿದ:

"ನೀವು ಇನ್ನೂ ಬೇಗ ಬಂದಿದ್ದರೆ ನಿಮಗೆ ರೈಲು ತಪ್ಪುತ್ತಿರಲಿಲ್ಲ."

ಎದುರಿಗಿರುವವಳು ಹೆಂಗಸೆಂದು ಸ್ತ್ರೀಲಿಂಗದ ಅಕ್ಷರವನ್ನೂ ಸೇರಿಸಿದ. ಅದು ಉಚ್ಚಾರಕ್ಕೆ ಬಾರದ ಅಕ್ಷರ, ಮನಸ್ಸಿನಲ್ಲೇ ಸೇರಿಸಿದ.

ಹೆಂಗಸಿನ ಮುಖ ಸುಣ್ಣದಂತಾಯಿತು. ಚೀಲ ನೆಲಕ್ಕೆ ಹಾಕಿ, ಅದರ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಏನ್ ಅಂದ್ರಿ ಸರ್?" ಮಂದಾಕಿನಿ ಪಿಸುಗುಟ್ಟಿದಳು.

"ಪರದೇಶದಾಗ ತಾಯಿಭಾಷಾ ಕಿವಿಗೆ ಬಿತ್ತು ನೋಡು. ಹೃದಯ ತುಂಬಿ ಬಂದೈತಿ," ಎಂದ ಗುರುರಾಜ. ಅವನ ಕಣ್ಣೂ ಸ್ವಲ್ಪ ತೇವವಾಗಿತ್ತು.

ಅಷ್ಟರಲ್ಲಿ ಸುಹಾಸಿನಿ ಡಬ್ಬಿಯಿಂದ ಇಳಿದು ಬಂದಳು. "ಯಾಕ್ರಿ ಅಳಾಕತ್ತಾರ ಇವ್ರು?"

"ಸಂತೋಷಕ್ಕ."

"ಸಂತೋಷಕ್ಕ ಯಾರರೆ ಹಿಂಗ ಹಣಿ ಬಡಕೊಂಡ ಅಳತಾರೇನು? ಎಲ್ಲಿಗೆ ಹೋಗೋರು, ಕೇಳಿದ್ರೋ ಇಲ್ಲೋ?"

ಗುರುರಾಜ ಕೇಳಿರಲಿಲ್ಲ. ಫ್ರೆಂಚಿನ ಗಂಧಗಾಳಿ ಇಲ್ಲದ ಸುಹಾಸಿನಿ ಬಗ್ಗಿ, ಹೆಂಗಸಿನ ಮುಷ್ಟಿಯಲ್ಲಿ ಮುದ್ದೆಯಾಗಿದ್ದ ಟಿಕೆಟ್ಟನ್ನು ಬಿಡಿಸಿ ನೋಡಿದಳು.

"ಅಯ್ಯ ದೇವರ! ಬೆಂಗಳೂರು! ಇದ ಗಾಡಿ, ಅವ್ವನ ಡಬ್ಬಿನ ಐತಲ್ಲರಿ!"

ಸಿಳ್ಳು ಕೇಳಿಸಿತು. ಗಾಡಿ ಅಲುಗಿತು. ಸುಹಾಸಿನಿ ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದರಲ್ಲಿ ಹೆಂಗಸಿನ ರಟ್ಟೆ ಹಿಡಿದು "ಚಲೋ ಅಮ್ಮಾ, ಭಾಗೋ!" ಎಂದು ಓಡಿದಳು. ಚೀಲ ಎತ್ತಿಕೊಂಡು ಮಂದಾಕಿನಿ ಹಿಂದೆ ಓಡಿದಳು. ಬಾಗಿಲಲ್ಲಿ ನಿಂತಿದ್ದ ಅರವತ್ತೈದರ ಗೋದಾಬಾಯಿ ಕೈ ಚಾಚಿ, ಬಾವಿಯಿಂದ ಕೊಡ ಎತ್ತಿದಂತೆ ಆ ಹೆಂಗಸನ್ನು ಒಳಕ್ಕೆ ಎಳೆದುಕೊಂಡಳು. ಹಿಂದೆಯೇ ಚೀಲವೂ ಒಳಗೆ ಬಿತ್ತು.

ಹೆಂಗಸು ಸುಹಾಸಿನಿಗೆ ಎರಡೂ ಕೈ ಜೋಡಿಸಿದಳು. ಆಮೇಲೆ ಅವಳ ಕಣ್ಣು ಗುರುರಾಜನ ಮೇಲೆ ಬಿತ್ತು. ಬೆರಳು ಝಳಪಿಸುತ್ತ, ಗಾಡಿ ಪ್ಲಾಟ್‌ಫಾರ್ಮು ದಾಟುವ ತನಕ ಅವನತ್ತ ಕೂಗುತ್ತಲೇ ಇದ್ದಳು.

"ಏನಂತಾರ ಸರ್?" ಮಂದಾಕಿನಿ ಕೇಳಿದಳು.

ಅವನಿಗೆ ಒಂದಕ್ಷರವೂ ತಿಳಿದಿರಲಿಲ್ಲ. "ಧನ್ಯವಾದ ಹೇಳಾಕತ್ತಾರ," ಎಂದ. ಮಂದಾಕಿನಿ ತಲೆಯಾಡಿಸಿದಳು, ಪರೀಕ್ಷೆಗೆ ಇನ್ನು ಹತ್ತೇ ದಿನ ಉಳಿದಿತ್ತು, ಸರ್ ಮಾತನ್ನು ಅನುಮಾನಿಸುವ ಕಾಲವಲ್ಲ.

ಗಂಡ ಹೆಂಡತಿ ಹೊರಗೆ ಸ್ಕೂಟರಿನ ಹತ್ತಿರ ಬಂದರು. ಗುರುರಾಜ ಆರು ಸಲ ಒದ್ದ ಮೇಲೆ ಸ್ಕೂಟರು ಚಾಲೂ ಆಯಿತು. ಹಿಂದೆ ಹತ್ತಿ ಕೂತು, ಸೆರಗು ಸರಿಮಾಡಿಕೊಂಡು ಸುಹಾಸಿನಿ ಮೆಲ್ಲಗೆ ಕೇಳಿದಳು:

"ಅಲ್ರಿ, 'ಎಲ್ಲಿಗೆ ಹೊಂಟೀರಿ' ಅನ್ನಾಕ ಫ್ರೆಂಚಿನ್ಯಾಗ ಏನಂತಾರ?"

ಗುರುರಾಜ ಸ್ಕೂಟರಿಗೆ ಗೇರು ಹಾಕಿದ.

"ಅದು ಫಸ್ಟ್ ಇಯರ್ ಪೋರ್ಶನ್," ಎಂದ. "ನಾ ತಗೊಳ್ಳೋದು ಸೆಕೆಂಡ್ ಇಯರ್."